ನೆಟ್‌ನಲ್ಲಿ ಬಂದದ್ದು ಖರೆಯೋ ಸುಳ್ಳೋ? ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಒಂದು ಪಂಚಾಯಿತಿ ಗ್ರಂಥಾಲಯದಲ್ಲಿ (ಈಗ ಅರಿವು ಕೇಂದ್ರ ಅಂತಾರೆ) ಭಾನುವಾರ ಬೆಳಿಗ್ಗೆ ನಾನು ಕೂತಿರುತ್ತೇನೆ. ಜನ ಫೋನ್ ಹಿಡಿದುಕೊಂಡು ಬರುತ್ತಾರೆ. "ತಮ್ಮಾ, ಇದು ಖರೆಯೋ ಸುಳ್ಳೋ ಸ್ವಲ್ಪ ನೋಡು" ಅನ್ನುತ್ತಾರೆ. ಮೀನು ಮಾರುವ ಅಕ್ಕಂದಿರು, ಅಡಿಕೆ ತೋಟದವರು, ಕಾಲೇಜು ಹುಡುಗರು, ನಿವೃತ್ತ ಮಾಸ್ತರರು, ಎಲ್ಲರೂ ಬರುತ್ತಾರೆ. ಅವರು ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಅದರಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ.

ಒಂದು ಸುದ್ದಿ ಮೊಬೈಲ್‌ಗೆ ಬಂತು. ಮೊದಲು ಏನು ನೋಡಬೇಕು?

ಎರಡು ವಿಷಯ ನೋಡಿ. ಇದನ್ನು ಹೇಳುತ್ತಿರುವವರು ಯಾರು? ಅವರಿಗೆ ಹೇಗೆ ಗೊತ್ತಾಯಿತು?

ಹೀಗೆ ಕೇಳುವುದು ನಮಗೆ ಹೊಸದಲ್ಲ. ಶಿರಸಿ ಪೇಟೆಗೆ ಹೋಗಿ ಬಂದ ಯಾರಾದರೂ "ರಾಶಿ ಅಡಿಕೆ ರೇಟು ಏರಿದೆ" ಅಂದರೆ ಸುಮ್ನೆ ನಂಬಿ ಮೂಟೆ ಕಟ್ಟುತ್ತೇವಾ? "ಯಾರು ಹೇಳಿದರು? ನೀನೇ ಟೆಂಡರ್ ನೋಡಿದ್ಯಾ? ಇವತ್ತಿನ ರೇಟೋ, ಹೋದ ವಾರದ್ದೋ? ಗರಿಷ್ಠವೋ, ಸರಾಸರಿಯೋ?" ಅಂತ ಕೇಳುತ್ತೇವೆ. ಒಂದೇ ಒಂದು ಲಾಟಿಗೆ ಬಿದ್ದ ಗರಿಷ್ಠ ರೇಟು ಸಂಜೆಯೊಳಗೆ ಊರಿನ ರೇಟಾಗಿ ಹಬ್ಬುತ್ತದೆ ಅನ್ನುವುದು ಬೆಳೆಗಾರರಿಗೆಲ್ಲ ಗೊತ್ತು. ಅಡಿಕೆ ವಿಷಯದಲ್ಲಿ ಇಷ್ಟು ಹುಷಾರಾಗಿರುವ ನಾವು ಮೊಬೈಲ್ ಕೈಗೆ ಬಂದಾಗ ಯಾಕೋ ಕೇಳುವುದನ್ನೇ ಬಿಟ್ಟುಬಿಡುತ್ತೇವೆ.

ಇನ್ನೊಂದು ಮಾತು. ಬಂದ ಪುಟವನ್ನೇ ಎಷ್ಟು ದಿಟ್ಟಿಸಿ ನೋಡಿದರೂ ಪ್ರಯೋಜನ ಕಡಿಮೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಒಂದು ಅಧ್ಯಯನ ಮಾಡಿದ್ದರು. 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು, 25 ವಿದ್ಯಾರ್ಥಿಗಳನ್ನು ಕೂರಿಸಿ ಕೆಲವು ವೆಬ್‌ಸೈಟ್‌ಗಳನ್ನು ಅಳೆಯಲು ಹೇಳಿದರು. ವಿದ್ಯಾರ್ಥಿಗಳು, ಇತಿಹಾಸಕಾರರಲ್ಲೂ ಹಲವರು, ಆ ಪುಟದ ಅಂದಚಂದ, ಲೋಗೊ, ಹೆಸರು ನೋಡಿ ಮೋಸಹೋದರು. ಸತ್ಯಶೋಧಕರು ಮಾತ್ರ ಪುಟ ತೆರೆದ ಸ್ವಲ್ಪ ಹೊತ್ತಿಗೇ ಅದನ್ನು ಬಿಟ್ಟು, ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, "ಈ ಸಂಸ್ಥೆ ಬಗ್ಗೆ ಬೇರೆಯವರು ಏನು ಹೇಳುತ್ತಾರೆ" ಅಂತ ಹುಡುಕಿದರು. ಬೇಗನೆ ಸರಿಯಾದ ಉತ್ತರಕ್ಕೆ ಬಂದವರೂ ಅವರೇ. ಹೆಣ್ಣು ಕೇಳಲು ಬಂದ ಮನೆಯವರ ಬಗ್ಗೆ ಅವರನ್ನೇ ವಿಚಾರಿಸುವುದಿಲ್ಲ, ಅವರ ಊರಲ್ಲಿ ವಿಚಾರಿಸುತ್ತೇವೆ. ಅದೇ ಕ್ರಮ.

ಬಂದದ್ದನ್ನೆಲ್ಲ ಹೀಗೆ ಪರೀಕ್ಷೆ ಮಾಡುತ್ತಾ ಕೂತರೆ ಸಮಯ ಎಲ್ಲಿಂದ ಬರಬೇಕು?

ಎಲ್ಲವನ್ನೂ ಮಾಡಬೇಕಾಗಿಲ್ಲ. ಯಾಣದ ಬಂಡೆ ಎಷ್ಟು ಎತ್ತರ ಅನ್ನುವುದು ಸ್ವಲ್ಪ ತಪ್ಪಾದರೆ ಯಾರಿಗೂ ನಷ್ಟವಿಲ್ಲ. ಔಷಧಿ, ದುಡ್ಡು, ಮಳೆ-ನೆರೆ, ಸಮುದ್ರಕ್ಕೆ ಇಳಿಯುವುದು, ಇನ್ನೊಬ್ಬರ ಜಾತಿ-ಧರ್ಮದ ಮೇಲೆ ಸಿಟ್ಟು ಬರಿಸುವ ಮಾತು, ಈ ಐದರಲ್ಲಿ ಯಾವುದಾದರೂ ಇದ್ದರೆ ನಿಲ್ಲಿ. ತಪ್ಪಾದರೆ ಯಾರಿಗೆ ಏನಾಗುತ್ತದೆ ಎಂದು ನೋಡಿ. ಹಾನಿ ದೊಡ್ಡದಾದಷ್ಟು ಜಾಸ್ತಿ ಹುಡುಕಿ.

ಗುಡ್ಡ ಕುಸಿದ ವಿಡಿಯೋ ಕಣ್ಣಾರೆ ಕಾಣಿಸುತ್ತಿದೆಯಲ್ಲ. ಅದು ಸುಳ್ಳು ಹೇಗಾಗುತ್ತದೆ?

ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಹೇಳಬೇಕು.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿ ಪಕ್ಕದ ಚಹಾ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ವಾಹನಗಳು ಮಣ್ಣಿನ ಜೊತೆ ಗಂಗಾವಳಿ ಹೊಳೆಗೆ ಹೋದವು. ಅವತ್ತು ಮಧ್ಯಾಹ್ನದೊಳಗೆ ನನ್ನ ಫೋನಿಗೆ ಏಳೆಂಟು ವಿಡಿಯೋ ಬಂದಿದ್ದವು. ಒಂದರಲ್ಲಿ ಹಸಿರು ಗುಡ್ಡವೊಂದು ಇಡಿಯಾಗಿ ಜಾರಿ ರಸ್ತೆ ಮೇಲೆ ಬೀಳುತ್ತದೆ, ಜನ ಕೂಗಿಕೊಂಡು ಓಡುತ್ತಾರೆ. "ಶಿರೂರು, ಈಗಷ್ಟೇ" ಅಂತ ಬರೆದಿತ್ತು. ನೋಡಿ ನನ್ನ ಕೈ ನಡುಗಿತು. ನಾನೇ ಮೂರು ಗ್ರೂಪಿಗೆ ಕಳಿಸಿದೆ.

ರಾತ್ರಿ ಮತ್ತೊಮ್ಮೆ ನಿಧಾನವಾಗಿ ನೋಡಿದಾಗ ಗೊತ್ತಾಯಿತು. ಆ ವಿಡಿಯೋದಲ್ಲಿ ನದಿಯೇ ಇರಲಿಲ್ಲ. ಶಿರೂರಿನಲ್ಲಿ ಒಂದು ಬದಿ ಗುಡ್ಡ, ನಡುವೆ ರಸ್ತೆ, ಇನ್ನೊಂದು ಬದಿ ಹೊಳೆ. ಆ ದಾರಿಯಲ್ಲಿ ನೂರಾರು ಸಲ ಓಡಾಡಿದವನು ನಾನು. ವಿಡಿಯೋದ ರಸ್ತೆ ಕಿರಿದು, ಮರಗಳು ದೇವದಾರು ಜಾತಿಯವು. ಕೂಗುತ್ತಿದ್ದವರ ಭಾಷೆ ಹಿಂದಿಗೆ ಹತ್ತಿರವಾದ ಪಹಾಡಿ ಮಾತು. ಗುಡ್ಡ ಕುಸಿದದ್ದು ನಿಜ, ವಿಡಿಯೋ ಕೂಡ ನಿಜ. ಅದರ ಮೇಲೆ ಬರೆದ ಎರಡು ಪದ ಮಾತ್ರ ಸುಳ್ಳು.

ಸುಳ್ಳು ವಿಡಿಯೋ ಅಂದರೆ ಕಂಪ್ಯೂಟರಿನಲ್ಲಿ ಕೂತು ಸೃಷ್ಟಿಸಿದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಅಂಥವೂ ಈಗ ಬರುತ್ತವೆ. ಆದರೆ ನನ್ನ ಹತ್ತಿರ ಬಂದವುಗಳಲ್ಲಿ ಹೆಚ್ಚಿನವು ಬೇರೆ ಊರಿನ, ಬೇರೆ ವರ್ಷದ ನಿಜ ವಿಡಿಯೋಗಳೇ. ನೋಡುವ ಕ್ರಮ ಇದು. ವಿಡಿಯೋ ನಿಲ್ಲಿಸಿ, ಸ್ಪಷ್ಟವಾಗಿ ಕಾಣುವ ಒಂದು ಜಾಗದಲ್ಲಿ ಸ್ಕ್ರೀನ್‌ಶಾಟ್ ತೆಗೆಯಿರಿ. ಚಿತ್ರ ನೋಡಿ ಹುಡುಕುವ ಗೂಗಲ್ ಲೆನ್ಸ್‌ಗೆ ಆ ಚಿತ್ರ ಕೊಡಿ. ಅದೇ ದೃಶ್ಯ ಎರಡು ವರ್ಷದ ಹಿಂದೆ ಎಲ್ಲೋ ಬಂದಿದ್ದರೆ ಅಲ್ಲಿಗೆ ಮುಗಿಯಿತು. ಏನೂ ಸಿಗದಿದ್ದರೆ ವಿಡಿಯೋ ನಿಜ ಎಂದಾಗುವುದಿಲ್ಲ, ಇನ್ನೂ ಎರಡು ಕಡೆ ಹುಡುಕಬೇಕು ಎಂದಷ್ಟೇ ಅರ್ಥ. ಆಮೇಲೆ ಅಂಗಡಿ ಬೋರ್ಡಿನ ಲಿಪಿ, ಗಾಡಿಗಳ ನಂಬರ್ ಪ್ಲೇಟು, ಜನರ ಬಟ್ಟೆ, ಮಾತು, ಮರ, ಮಣ್ಣಿನ ಬಣ್ಣ ನೋಡಿ. ಕಾರವಾರದ ಗಾಡಿ ಕೆಎ 30, ಶಿರಸಿಯದು ಕೆಎ 31. ನಮ್ಮ ಜಿಲ್ಲೆಯ ಹೆದ್ದಾರಿಯಲ್ಲಿ ಕೇರಳ, ಗೋವಾ ಗಾಡಿಗಳೂ ಇರುತ್ತವೆ, ಆದರೆ ನಮ್ಮದು ಒಂದೂ ಇಲ್ಲ ಅಂದರೆ ಅನುಮಾನ ಪಡಿ.

ಊರಿನ ಹೆಸರಿನಲ್ಲೂ ಎಡವುತ್ತೇವೆ. ಶಿರೂರು ಅಂದರೆ ಅಂಕೋಲೆಯದೂ ಇದೆ, ಉಡುಪಿ ಜಿಲ್ಲೆಯ ಬೈಂದೂರು ಹತ್ತಿರದ್ದೂ ಇದೆ. ಎರಡೂ ಅದೇ ಹೆದ್ದಾರಿ 66ರ ಮೇಲೆ! ಆ ವಾರ ಹೊರಗಿನ ನೆಂಟರು ಫೋನ್ ಮಾಡಿ ಯಾವ ಶಿರೂರು ಅಂತ ಕೇಳಿ ಗಾಬರಿಯಾಗುತ್ತಿದ್ದರು.

ಕೊಚ್ಚಿಹೋದ ಲಾರಿ ಸಿಕ್ಕಿತು, ಸಿಕ್ಕಿತು ಅಂತ ಎಷ್ಟು ಸಲ ಸಂದೇಶ ಬಂತು ನೆನಪಿದೆಯಾ? ಹೊಳೆಯಿಂದ ಅದನ್ನು ಪತ್ತೆಮಾಡಿ ಎತ್ತಿದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 25ರಂದು. ಅಷ್ಟು ದಿನ ಆ ಲಾರಿಯ ಚಾಲಕನ ಮನೆಯವರು ಆ ಸಂದೇಶಗಳನ್ನೆಲ್ಲ ಓದುತ್ತಿದ್ದರು. ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಕಾಳಿ ಸೇತುವೆ ಬಿದ್ದಾಗಲೂ ಹೀಗೇ ಆಯಿತಲ್ಲ?

ಹೌದು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ಹೊಳೆಯ ಮೇಲೆ, ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಬಿದ್ದದ್ದು ಹಳೆಯ ಸೇತುವೆ. ಪಕ್ಕದ ಹೊಸ ಸೇತುವೆ ನಿಂತೇ ಇತ್ತು. ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಉಳಿಸಿದರು. ಆದರೆ "ಕಾರವಾರ–ಗೋವಾ ಸೇತುವೆ ಕುಸಿತ" ಅಂತ ಒಂದೇ ಸಾಲು ಓದಿದವರು ದಾರಿಯೇ ಇಲ್ಲವಾಯಿತು ಅಂದುಕೊಂಡರು. ತಲೆಬರಹ ಸುಳ್ಳಲ್ಲ, ಅರ್ಧ ಮಾತ್ರ. ಒಳಗೆ ಪೂರ್ತಿ ಓದದೆ ಮುಂದೆ ಕಳಿಸಬೇಡಿ ಅನ್ನುವುದು ಇದಕ್ಕೇ.

"ನಾಳೆ ಶಾಲೆಗೆ ರಜೆ" ಅನ್ನುವ ಆದೇಶ ಬಂದರೆ?

ಜೂನ್, ಜುಲೈ ಬಂತೆಂದರೆ ನನ್ನ ನೋಟ್‌ಬುಕ್ಕಿನ ಅರ್ಧ ಇದೇ ಪ್ರಶ್ನೆ. ಹೋದ ವರ್ಷದ ರಜೆ ಆದೇಶದಲ್ಲಿ ತಾರೀಖು ಅಳಿಸಿ ಹೊಸದು ಬರೆಯುವುದು ಮಕ್ಕಳಿಗೂ ಬರುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ತಾರೀಖಿನ ಅಕ್ಷರ ಉಳಿದ ಅಕ್ಷರಕ್ಕಿಂತ ದಪ್ಪವೋ ತೆಳುವೋ ಇದೆಯಾ? ವಾರ ಮತ್ತು ತಾರೀಖು ಹೊಂದುತ್ತವಾ? ಯಾವ ತಾಲ್ಲೂಕುಗಳ ಹೆಸರಿದೆ? ನಮ್ಮ ಜಿಲ್ಲೆಯಲ್ಲಿ ಕರಾವಳಿಗೆ ರಜೆ ಕೊಟ್ಟು ಮುಂಡಗೋಡ, ಹಳಿಯಾಳಕ್ಕೆ ಕೊಡದೇ ಇರುವುದು ಮಾಮೂಲು. ಸಹಿ ಮಾಡಿದ ಜಿಲ್ಲಾಧಿಕಾರಿ ಈಗಲೂ ಇಲ್ಲೇ ಇದ್ದಾರಾ, ವರ್ಗವಾಗಿದ್ದಾರಾ? ಇದು ಒಳ್ಳೆಯ ಸುಳಿವು. ಇಷ್ಟಾದ ಮೇಲೆ ಜಿಲ್ಲಾಡಳಿತದ ಅಧಿಕೃತ ಖಾತೆಯಲ್ಲಿ ಅದೇ ಆದೇಶ ಇದೆಯಾ ನೋಡಿ, ಇಲ್ಲವೇ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ.

ರೆಡ್ ಅಲರ್ಟ್ ಅಂದರೆ ರಜೆ ಎಂದರ್ಥವಲ್ಲ. ರಜೆ ನಿರ್ಧರಿಸುವವರು ಜಿಲ್ಲಾಧಿಕಾರಿ. ಅಲರ್ಟ್ ಕೊಡುವುದು ಹವಾಮಾನ ಇಲಾಖೆ, ಅದಕ್ಕೆ ಲೆಕ್ಕವಿದೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆ ಭಾರಿ ಮಳೆ, ಸಾಮಾನ್ಯವಾಗಿ ಹಳದಿ. 115.6ರಿಂದ 204.4ರವರೆಗೆ ಅತಿ ಭಾರಿ, ಕಿತ್ತಳೆ. ಅದಕ್ಕೂ ಮೇಲಾದರೆ ಕೆಂಪು. "ನಾಳೆ ಸಾವಿರ ಮಿಲಿಮೀಟರ್ ಮಳೆ ಅಂತ ನಾಸಾ ಹೇಳಿದೆ" ಅನ್ನುವ ಸಂದೇಶ ಬಂದರೆ ಈ ಅಂಕಿ ನೆನಪು ಮಾಡಿಕೊಳ್ಳಿ.

ಸಮುದ್ರಕ್ಕೆ ಹೋಗುವವರಿಗೆ ಬೇರೆ ಮೂಲವಿದೆ. ಹೈದರಾಬಾದಿನಲ್ಲಿರುವ ಇಂಕಾಯ್ಸ್ ಅನ್ನುವ ಕೇಂದ್ರ ಸರಕಾರದ ಸಂಸ್ಥೆ ಅಲೆ ಎಷ್ಟು ಎತ್ತರ ಏಳುತ್ತದೆ, ಗಾಳಿ ಹೇಗಿದೆ, ಮೀನು ಸಿಗುವ ಜಾಗ ಯಾವುದು ಅಂತ ಮುನ್ಸೂಚನೆ ಕೊಡುತ್ತದೆ. ಬೈತಖೋಲದಲ್ಲಿ, ತದಡಿಯಲ್ಲಿ ದೋಣಿ ಇರುವವರಿಗೆ ಇದು ಗೊತ್ತಿರುವ ಹೆಸರು. ಯೂಟ್ಯೂಬಿನಲ್ಲಿ ಚಂಡಮಾರುತದ ಕೆಂಪು ಬಾಣ ತಿರುಗಿಸುವವರನ್ನು ನಂಬುವುದಕ್ಕಿಂತ ಇದನ್ನು ನೋಡಿ.

ರಾತ್ರಿ ಹನ್ನೊಂದಕ್ಕೆ ವಾಯ್ಸ್ ಮೆಸೇಜ್ ಬಂತು, "ಕದ್ರಾ ಡ್ಯಾಮ್ ಒಡೆದಿದೆ, ಓಡಿ" ಅಂತ. ಅದನ್ನೂ ಪರೀಕ್ಷೆ ಮಾಡುತ್ತಾ ಕೂರಬೇಕಾ?

ನೀವು ಆ ಡ್ಯಾಮಿನ ಕೆಳಗೆ ಕಾಳಿ ಹೊಳೆಯ ದಂಡೆಯ ತಗ್ಗಿನಲ್ಲಿದ್ದರೆ ಮೊದಲು ಮನೆಯವರನ್ನು ಎಬ್ಬಿಸಿ, ಕಾಗದಪತ್ರ, ಔಷಧಿ ಚೀಲಕ್ಕೆ ಹಾಕಿ. ಅದೇ ಹೊತ್ತಿಗೆ ಒಬ್ಬರು 1077ಕ್ಕೆ ಫೋನ್ ಮಾಡಿ. ಅದು ಜಿಲ್ಲಾ ವಿಪತ್ತು ಸಹಾಯವಾಣಿ. ಸಿಗದಿದ್ದರೆ 112. ಎಚ್ಚರಿಕೆ ಬಿಡಬೇಡಿ, ಆದರೆ ಆ ಧ್ವನಿಯನ್ನು ಇನ್ನೊಬ್ಬರಿಗೆ ದಾಟಿಸಬೇಡಿ.

ಯಾಕೆಂದರೆ ಗೇಟ್ ತೆರೆಯುವುದು ಬೇರೆ, ಡ್ಯಾಮ್ ಒಡೆಯುವುದು ಬೇರೆ. ಮಳೆಗಾಲದಲ್ಲಿ ಕದ್ರಾದಿಂದ ನೀರು ಬಿಡುವುದು ಪ್ರತಿ ವರ್ಷದ ಕೆಲಸ. 2019ರಲ್ಲಿ ಹೀಗೆ ಬಿಟ್ಟ ನೀರೇ ಕೆಳಗಿನ ಹಳ್ಳಿಗಳಿಗೆ ನುಗ್ಗಿತ್ತು. ಹಾಗಾಗಿ ಹೆದರುವುದರಲ್ಲಿ ತಪ್ಪಿಲ್ಲ. ಆದರೆ ಸಂದೇಶದಲ್ಲಿ ಎಷ್ಟು ನೀರು ಅಂತ ಇದೆಯಾ ನೋಡಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಅದು ಹರಿವಿನ ಅಳತೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅದು ನಿಂತ ನೀರಿನ ಅಳತೆ. "ಸೆಕೆಂಡಿಗೆ 20 ಟಿಎಂಸಿ ಬಿಡುತ್ತಿದ್ದಾರೆ" ಅಂತ ಒಂದು ಸಂದೇಶ ನನ್ನ ಹತ್ತಿರ ಬಂದಿತ್ತು. ಅದನ್ನು ಬರೆದವರಿಗೆ ಡ್ಯಾಮಿನ ವಿಷಯ ಗೊತ್ತಿಲ್ಲ ಅನ್ನಲು ಅಷ್ಟು ಸಾಕು.

ವಾಯ್ಸ್ ಮೆಸೇಜಿನ ದೊಡ್ಡ ತೊಂದರೆ ಎಂದರೆ ಅದಕ್ಕೆ ಹೆಸರಿಲ್ಲ, ತಾರೀಖಿಲ್ಲ. "ಈಗಷ್ಟೇ" ಅಂದದ್ದು ಯಾವಾಗಿನ ಈಗ? ನಮ್ಮ ಕಡೆಯದೇ ಮಾತಿನ ಧಾಟಿ ಕೇಳಿದ ಕೂಡಲೇ ನಮ್ಮವರೇ ಅಂತ ನಂಬಿಕೆ ಬಂದುಬಿಡುತ್ತದೆ.

ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತು ಇರುತ್ತದಲ್ಲ, ಅದೇನು?

ಆ ಸಂದೇಶ ತುಂಬಾ ಕೈ ದಾಟಿ ಬಂದಿದೆ ಅಂತ. ಸುಳ್ಳು ಸುದ್ದಿ ನಂಬಿ ಜನರನ್ನು ಹೊಡೆದು ಕೊಂದ ಘಟನೆಗಳ ನಂತರ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಕಳಿಸುವ ಮಿತಿ ತಂದರು. 2020ರ ಏಪ್ರಿಲ್‌ನಿಂದ ಎರಡು ಬಾಣದ ಸಂದೇಶವನ್ನು ಒಂದು ಸಲಕ್ಕೆ ಒಂದು ಚಾಟ್‌ಗೆ ಮಾತ್ರ ಕಳಿಸಬಹುದು. ಎರಡು ಬಾಣ ಇದ್ದ ಮಾತ್ರಕ್ಕೆ ಸುಳ್ಳು ಅಲ್ಲ. ಕಳಿಸಿದ ನಿಮ್ಮ ಭಾವ ಅದನ್ನು ಬರೆದವರಲ್ಲ, ಅಷ್ಟು ಗೊತ್ತಾಗುತ್ತದೆ. ಯಾರಾದರೂ ಅದನ್ನು ನಕಲು ಮಾಡಿ ಅಂಟಿಸಿದರೆ ಗುರುತೂ ಹೋಗುತ್ತದೆ.

ಸರಕಾರಿ ವೆಬ್‌ಸೈಟ್ ಅಂತ ಹೇಗೆ ಗುರುತಿಸುವುದು?

ವಿಳಾಸದ ಕೊನೆ ನೋಡಿ. ಸರಕಾರದ್ದಾದರೆ ಕೊನೆಯಲ್ಲಿ ಡಾಟ್ ಗವ್ ಡಾಟ್ ಇನ್ (.gov.in) ಅಥವಾ ಡಾಟ್ ನಿಕ್ ಡಾಟ್ ಇನ್ (.nic.in) ಇರುತ್ತದೆ. ಅದು ಕೊನೆಯಲ್ಲೇ ಇರಬೇಕು, ಮೊದಲ ಒಂಟಿ ಓರೆಗೆರೆಗಿಂತ (/) ಮುಂಚೆ. ನಡುವೆ ಗವ್ ಅಂತ ಸೇರಿಸಿ ಕೊನೆಗೆ ಡಾಟ್ ಕಾಮ್, ಡಾಟ್ ಆನ್‌ಲೈನ್ ಹಾಕಿದ್ದರೆ ಅದು ಸರಕಾರದ್ದಲ್ಲ. ಗೃಹಲಕ್ಷ್ಮಿ ಹಣ ಬಂದಿಲ್ಲ, ಪಿಎಂ ಕಿಸಾನ್ ಕಂತು ನಿಂತಿದೆ ಅಂತ ಹೆದರಿಸಿ ಇಂಥ ಲಿಂಕ್ ಕಳಿಸುತ್ತಾರೆ. ಬೀಗದ ಚಿತ್ರ ಇದ್ದರೆ ಸಾಕು ಅಂತ ಹಲವರು ನಂಬಿದ್ದಾರೆ. ಆ ಬೀಗ ನಿಮ್ಮ ಮತ್ತು ವೆಬ್‌ಸೈಟಿನ ನಡುವಿನ ಮಾತನ್ನು ಬೇರೆಯವರು ಕದ್ದು ಕೇಳದಂತೆ ಮಾಡುತ್ತದೆ, ಅಷ್ಟೇ. ಆಚೆ ಕೂತವನು ಕಳ್ಳನೋ ಸಾಹುಕಾರನೋ ಅದಕ್ಕೆ ಗೊತ್ತಿಲ್ಲ.

ಮದುವೆ ಕಾಗದ, ಆರ್‌ಟಿಒ ದಂಡದ ಚೀಟಿ ಅಂತ ಎಪಿಕೆ ಫೈಲ್ (ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲ್) ಬಂದರೆ ಮುಟ್ಟಲೇಬೇಡಿ. ಮದುವೆ ಕಾಗದ ಎಪಿಕೆ ಆಗಿರುವುದಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಗೂಗಲ್‌ನಲ್ಲಿ ಮೊದಲು ಬಂದದ್ದು ಸರಿ ಇರುತ್ತದೆ ಅಲ್ವಾ?

ಇಲ್ಲ. ಮೊದಲು ಬಂದದ್ದು ದುಡ್ಡು ಕೊಟ್ಟ ಜಾಹೀರಾತು ಇರಬಹುದು, "ಪ್ರಾಯೋಜಿತ" ಅಂತ ಸಣ್ಣದಾಗಿ ಬರೆದಿರುತ್ತದೆ. ಬ್ಯಾಂಕಿನ ಸಹಾಯವಾಣಿ ನಂಬರ್ ಹುಡುಕುವಾಗ ಇದರಿಂದಲೇ ಜನ ಮೋಸಹೋಗುತ್ತಾರೆ. ನಂಬರ್ ಬೇಕಾದರೆ ಪಾಸ್‌ಬುಕ್ಕಿನ ಮೇಲೆ ಅಥವಾ ಎಟಿಎಂ ಕಾರ್ಡಿನ ಹಿಂದೆ ನೋಡಿ.

ವಿಕಿಪೀಡಿಯ ಯಾರು ಬೇಕಾದರೂ ತಿದ್ದಬಹುದಂತೆ. ಹಾಗಾದರೆ ಓದಲೇಬಾರದಾ?

ಓದಿ. ಆದರೆ ಅಲ್ಲೇ ನಿಲ್ಲಬೇಡಿ. ವಾಕ್ಯದ ಪಕ್ಕ ಸಣ್ಣ ಅಂಕಿ ಇರುತ್ತದೆ. ಅದನ್ನು ಒತ್ತಿದರೆ ಯಾವ ಪುಸ್ತಕ, ಯಾವ ಪತ್ರಿಕೆಯಿಂದ ಬಂದದ್ದು ಅಂತ ಸಿಗುತ್ತದೆ. ಅಲ್ಲಿಗೆ ಹೋಗಿ. ಅಂಕಿ ಇಲ್ಲದ ವಾಕ್ಯವನ್ನು ಕೇಳಿದ ಮಾತು ಅಂತ ಇಟ್ಟುಕೊಳ್ಳಿ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಆದರೆ ತಿದ್ದುವ ಕೈಗಳು ಕಡಿಮೆ. ನಮ್ಮ ಊರುಗಳ ಪುಟದಲ್ಲಿ ತಪ್ಪಿದ್ದರೆ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ನಿಮಗೆ ಗೊತ್ತಿದ್ದರೆ, ಆಧಾರ ಕೊಟ್ಟು ನೀವೇ ತಿದ್ದಿ. ಯಾಣ ಶಿರಸಿ ತಾಲ್ಲೂಕಿನಲ್ಲಿದೆ ಅಂತ ಪ್ರವಾಸದ ಎಷ್ಟೋ ಪುಟಗಳಲ್ಲಿ ಓದಿದ್ದೇನೆ. ಅದು ಕುಮಟಾ ತಾಲ್ಲೂಕು. ಒಬ್ಬರು ಬರೆದದ್ದನ್ನು ಹತ್ತು ಜನ ನಕಲು ಮಾಡಿದರೆ ಹತ್ತು ಸಾಕ್ಷಿ ಆಗುವುದಿಲ್ಲ, ಒಂದೇ ಸಾಕ್ಷಿ.

ಎರಡು ಒಳ್ಳೆಯ ಮೂಲಗಳೇ ಬೇರೆ ಬೇರೆ ಹೇಳಿದರೆ ಯಾವುದನ್ನು ನಂಬಬೇಕು?

ಎರಡರ ತಾರೀಖು ನೋಡಿ. ಬಹಳ ಸಲ ಎರಡೂ ತಮ್ಮ ಕಾಲಕ್ಕೆ ಸರಿಯಾಗಿಯೇ ಇರುತ್ತವೆ.

ನಮ್ಮ ಕೈಗಾ ಅಣು ವಿದ್ಯುತ್ ಸ್ಥಾವರದ ಮಾತನ್ನೇ ತೆಗೆದುಕೊಳ್ಳಿ. ಅಲ್ಲಿನ ಒಂದನೇ ಘಟಕ ಸತತ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. 2018ರ ಡಿಸೆಂಬರ್ 31ರಂದು ಅದನ್ನು ನಿಲ್ಲಿಸಿದರು. ಅವತ್ತಿನ ಪತ್ರಿಕೆಯಲ್ಲಿ ಓದಿ ನಾವೆಲ್ಲ ಹೆಮ್ಮೆಪಟ್ಟೆವು. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಒಂದನೇ ಘಟಕ ಅದನ್ನು ದಾಟಿತು, 2021ರ ಫೆಬ್ರುವರಿವರೆಗೆ 1,106 ದಿನ ಓಡಿತು. "ಕೈಗಾ ವಿಶ್ವದಾಖಲೆ" ಅನ್ನುವ ಪೋಸ್ಟ್ ಇನ್ನೂ ಹೊಸದರಂತೆ ಬರುತ್ತದೆ. ಬರೆದವರು ಸುಳ್ಳು ಹೇಳಿಲ್ಲ, ಕಾಲ ಸರಿದಿದೆ.

ಇನ್ನೊಂದು ರೀತಿಯದೂ ಇದೆ. ಸುಮಾರು 450ನೇ ಇಸವಿಯ ಹಲ್ಮಿಡಿ ಶಾಸನವೇ ಮೊದಲ ಕನ್ನಡ ಶಾಸನ ಅಂತ ನಾವು ಶಾಲೆಯಲ್ಲಿ ಕಲಿತೆವು. ಬನವಾಸಿಗೆ ಹತ್ತಿರದ ತಾಳಗುಂದದಲ್ಲಿ ಉತ್ಖನನ ನಡೆದಾಗ ಸಿಕ್ಕ ಇನ್ನೊಂದು ಶಾಸನವನ್ನು ಪುರಾತತ್ವ ಇಲಾಖೆ ಅದಕ್ಕಿಂತ ಹಳೆಯದು, 370ರದ್ದು ಎಂದು ಹೇಳಿತು. ಈಗ ಹಳೆಯ ಪುಸ್ತಕ, ಹೊಸ ಲೇಖನ ಎರಡೂ ನೆಟ್‌ನಲ್ಲಿವೆ. ಇಂಥಲ್ಲಿ ಒಂದನ್ನು ಸುಳ್ಳು ಅನ್ನಬೇಡಿ. ಯಾರು, ಯಾವಾಗ, ಯಾವ ಆಧಾರದ ಮೇಲೆ ಹೇಳಿದರು ಅಂತ ಸೇರಿಸಿ ಹೇಳಿ.

ಕೊಳೆಮದ್ದಿನ (ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ) ಬಗ್ಗೆ ಯೂಟ್ಯೂಬಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರ ಮಾತು ಕೇಳುವುದು?

ಹೇಳುವವರ ತೋಟ ಎಲ್ಲಿದೆ, ಅವರು ಏನು ಮಾರುತ್ತಾರೆ ಅಂತ ಮೊದಲು ನೋಡಿ. ವಿಡಿಯೋದ ಕೊನೆಗೆ "ಈ ಬಾಟಲಿಗೆ ಕೆಳಗಿನ ನಂಬರಿಗೆ ಕರೆ ಮಾಡಿ" ಅಂತ ಬಂದರೆ ಅದು ಕೃಷಿ ಪಾಠವಲ್ಲ, ಅಂಗಡಿ. ಅಂಗಡಿಯವರು ಹೇಳಿದ್ದೆಲ್ಲ ಸುಳ್ಳಲ್ಲ, ಆದರೆ ಬೇರೆ ಕಡೆಯೂ ಕೇಳಿ. ತೋಟಗಾರಿಕೆ ಇಲಾಖೆ ಇದೆ, ಅಡಿಕೆ, ತೆಂಗಿನಂಥ ತೋಟದ ಬೆಳೆಗಳ ಸಂಶೋಧನೆ ಮಾಡುವ ಕಾಸರಗೋಡಿನ ಕೇಂದ್ರೀಯ ಸಂಸ್ಥೆ ಸಿಪಿಸಿಆರ್‌ಐ ಇದೆ.

ನೀವೇ ಪರೀಕ್ಷೆ ಮಾಡಿ ನೋಡಬಹುದಾದ ಮಾತು ಹೇಳುವವರನ್ನು ಹೆಚ್ಚು ನಂಬಿ. ಕೊಳೆಗೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ (ಮೈಲುತುತ್ತ-ಸುಣ್ಣದ ಮದ್ದು) ಲೆಕ್ಕ ಇಷ್ಟು: ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕದಡಬೇಕು. ಸರಿಯಾಯಿತಾ ಅಂತ ನೋಡಲು ಯಾರ ಸರ್ಟಿಫಿಕೇಟೂ ಬೇಡ. ಚೆನ್ನಾಗಿ ತಿಕ್ಕಿ ಹೊಳೆಯುವ ಕಬ್ಬಿಣದ ಚಾಕುವನ್ನು ಒಂದೆರಡು ನಿಮಿಷ ದ್ರಾವಣದಲ್ಲಿ ಅದ್ದಿ. ಮೇಲೆತ್ತಿದಾಗ ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ತಾಮ್ರ ಇನ್ನೂ ಬಿಡುವಾಗಿದೆ, ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆ ಮಿಡಿ ಸುಟ್ಟೀತು. ಸುಣ್ಣದ ತಿಳಿ ಸೇರಿಸುತ್ತಾ ಹೋಗಿ, ಚಾಕು ಬೆಳ್ಳಗೇ ಉಳಿಯುವವರೆಗೆ. ನಮ್ಮ ಅಜ್ಜನ ಕಾಲದ ತೋಟದವರು ಇದನ್ನು ಮಾಡುತ್ತಿದ್ದರು. ಯೂಟ್ಯೂಬಿನಲ್ಲಿ ಒಬ್ಬರು ಈ ಚಾಕು ಪರೀಕ್ಷೆ ತೋರಿಸಿದರು ಅಂದರೆ ಅವರ ಉಳಿದ ಮಾತನ್ನೂ ನಾನು ಗಮನವಿಟ್ಟು ಕೇಳುತ್ತೇನೆ. "ನಾನು ಹೇಳ್ತೀನಿ ಕೇಳಿ, ಗ್ಯಾರಂಟಿ" ಅನ್ನುವವರ ಮಾತಿಗೆ ಚಾಕು ಅದ್ದಲು ಜಾಗವೇ ಇರುವುದಿಲ್ಲ.

ಅಡಿಕೆ ತಿಂದರೆ ಕ್ಯಾನ್ಸರ್ ಅನ್ನುವುದು ವಿದೇಶಿಯರು ಹಬ್ಬಿಸಿದ ಸುಳ್ಳಂತೆ, ಹೌದಾ?

ಈ ಪ್ರಶ್ನೆಗೆ ಉತ್ತರ ಹೇಳುವುದು ನನಗೆ ಕಷ್ಟ, ಯಾಕೆಂದರೆ ನಮ್ಮ ಮನೆ ನಡೆದದ್ದೂ ಅಡಿಕೆಯಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇಲ್ಲದ ಕವಳಕ್ಕೂ (ಎಲೆ-ಅಡಿಕೆ) ಅದೇ ಮಾತು. ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು. ಎಷ್ಟು ತಿಂದರೆ ಎಷ್ಟು ಅಪಾಯ ಅನ್ನುವುದನ್ನು ಅದು ಹೇಳುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಎರಡು ಕಡೆಯವರೂ ಕೂಗಾಡುತ್ತಾರೆ.

"ಸುಳ್ಳಂತೆ" ಅನ್ನುವ ಸಂದೇಶ ನಮ್ಮ ಗ್ರೂಪುಗಳಲ್ಲಿ ಯಾಕೆ ಅಷ್ಟು ಓಡುತ್ತದೆ? ನಮಗೆ ಅದು ಬೇಕು, ಅದಕ್ಕೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು ಅನ್ನುವ ನಿಜ ಸುದ್ದಿಯನ್ನು ನಾವು ಒಂದು ಸಲ ಓದಿ ಖುಷಿಪಟ್ಟು ಬಿಟ್ಟೆವು. ಅಡಿಕೆ ಅಮೃತ ಅನ್ನುವ ಸಂದೇಶ ಮಾತ್ರ ತಿಂಗಳಿಗೊಮ್ಮೆ ಬರುತ್ತದೆ. ಓದಿದ ಕೂಡಲೇ ಮನಸ್ಸಿಗೆ ಹಿತವಾಯಿತು ಅಂದರೆ ಇನ್ನೊಂದು ಸಲ ಹುಡುಕಿ. ಸಿಟ್ಟು ಬಂದರೂ ಹಾಗೇ.

ಮಂಗನ ಕಾಯಿಲೆ, ಹಾವು ಕಡಿತ: ಇವಕ್ಕೆ ನೆಟ್‌ನಲ್ಲಿ ಹೇಳಿದ ಮನೆಮದ್ದು ಮಾಡಬಹುದಾ?

ಬೇಡ. ದಯವಿಟ್ಟು ಬೇಡ.

ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಸಿದ್ದಾಪುರದ ಹಳ್ಳಿಗಳಲ್ಲೂ ಜೀವ ತೆಗೆದಿದೆ. ಹರಡುವುದು ಕಾಡಿನ ಉಣುಗಿನಿಂದ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಬರುವುದಿಲ್ಲ. ಆದ್ದರಿಂದ "ಆ ಮನೆಗೆ ಹೋಗಬೇಡಿ" ಅನ್ನುವ ಸಂದೇಶ ಕಾಯಿಲೆಯವರ ಮನೆಗೆ ಎರಡನೆಯ ಪೆಟ್ಟು. ಹಳೆಯ ಪುಟಗಳಲ್ಲಿ "ಲಸಿಕೆ ಹಾಕಿಸಿಕೊಳ್ಳಿ" ಅಂತ ಇರುತ್ತದೆ. ಪರಿಣಾಮ ಸಾಲದೆಂದು ಆ ಲಸಿಕೆ ನಿಲ್ಲಿಸಿಯಾಗಿದೆ. ದರಕು (ಒಣಗಿದ ಎಲೆ) ತರಲು, ಸೊಪ್ಪು ತರಲು ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚುವ ಡೆಪಾ ಎಣ್ಣೆಯನ್ನು ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ.

ಹಾವು ಕಡಿದರೆ ಕುಯ್ಯುವುದು, ಬಾಯಲ್ಲಿ ಎಳೆಯುವುದು, ಬಿಗಿಯಾಗಿ ಕಟ್ಟುವುದು, ಕಲ್ಲು ಅಂಟಿಸುವುದು, ಯಾವುದೂ ಬೇಡ. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ. "ನಮ್ಮ ಮಾವನಿಗೆ ಬೇರು ಅರೆದು ಕೊಟ್ಟು ಬದುಕಿದರು" ಅನ್ನುವುದು ಸುಳ್ಳಿರಲಿಕ್ಕಿಲ್ಲ. ವಿಷವಿಲ್ಲದ ಹಾವು ಕಡಿದಿದ್ದರೆ, ಅಥವಾ ವಿಷದ ಹಾವೇ ವಿಷ ಬಿಡದೆ ಕಡಿದಿದ್ದರೆ, ಏನು ಕೊಟ್ಟರೂ ಬದುಕುತ್ತಿದ್ದರು. ಬದುಕಿದವರು ಕಥೆ ಹೇಳುತ್ತಾರೆ. ಬದುಕದವರ ಕಥೆ ಗ್ರೂಪಿಗೆ ಬರುವುದಿಲ್ಲ.

ಎಐ ಹತ್ತಿರ ಕೇಳಿದರೆ ಚೆಂದ ಕನ್ನಡದಲ್ಲಿ ಉತ್ತರ ಬರುತ್ತದಲ್ಲ?

ಚೆಂದವಾಗಿ ಬರುತ್ತದೆ ನಿಜ. ನಮ್ಮ ಊರಿನ ದೇವಸ್ಥಾನದ ಇತಿಹಾಸ ಕೇಳಿದ್ದೆ. ರಾಜನ ಹೆಸರು, ಇಸವಿ, ದತ್ತಿ ಕೊಟ್ಟ ಗದ್ದೆಯ ವಿವರ ಎಲ್ಲ ಬಂತು. ಯಾವ ಶಾಸನದಲ್ಲಿದೆ ಅಂದೆ. ಒಂದು ಪುಸ್ತಕದ ಹೆಸರು, ಪುಟಸಂಖ್ಯೆ ಕೊಟ್ಟಿತು. ಎಷ್ಟು ಹುಡುಕಿದರೂ ಆ ಪುಸ್ತಕವೇ ಸಿಗಲಿಲ್ಲ. ಈ ಯಂತ್ರಗಳು ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಅಂತ ನೋಡಿ ವಾಕ್ಯ ಕಟ್ಟುತ್ತವೆ. ನಮ್ಮ ಸಣ್ಣ ಊರುಗಳ ಬಗ್ಗೆ ನೆಟ್‌ನಲ್ಲಿ ಬರಹವೇ ಕಡಿಮೆ, ಹಾಗಾಗಿ ಖಾಲಿ ಜಾಗ ತುಂಬಿಸುವುದು ಜಾಸ್ತಿ. ಅರ್ಜಿ ಬರೆಯಲು, ಕಷ್ಟದ ಇಂಗ್ಲಿಷ್ ಪತ್ರ ಅರ್ಥಮಾಡಿಕೊಳ್ಳಲು ನಾನೂ ಬಳಸುತ್ತೇನೆ. ಇಸವಿ, ಹೆಸರು, ಔಷಧಿಯ ಪ್ರಮಾಣ, ಕಾನೂನಿನ ಕಲಂ ಬಂದರೆ ಬೇರೆ ಕಡೆ ನೋಡದೆ ಒಪ್ಪುವುದಿಲ್ಲ.

ಪತ್ರಿಕೆ, ಟಿವಿಯಲ್ಲಿ ಬಂದರೆ ನಂಬಬಹುದು ತಾನೆ?

ಹೆಸರು ಹಾಕಿ ಬರೆಯುವವರು, ತಪ್ಪಾದರೆ ತಿದ್ದುಪಡಿ ಹಾಕುವವರು ಹೆಚ್ಚು ನಂಬಿಕೆಗೆ ಅರ್ಹರು. ಆದರೆ "ಒಪ್ಪಿಗೆ", "ಹಸಿರು ನಿಶಾನೆ" ಅನ್ನುವ ಪದ ಬಂದಾಗ ಯಾರ ಒಪ್ಪಿಗೆ ಅಂತ ಓದಿ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಒಪ್ಪಿಗೆ ಅಂತ ನಾನು ಚಿಕ್ಕವನಿದ್ದಾಗಿನಿಂದ ಓದುತ್ತಿದ್ದೇನೆ. ಒಮ್ಮೆ ಸಮೀಕ್ಷೆಗೆ, ಒಮ್ಮೆ ರಾಜ್ಯ ವನ್ಯಜೀವಿ ಮಂಡಳಿಯದು, ಒಮ್ಮೆ ಇನ್ನೊಂದು ಸಮಿತಿಯದು. ರೈಲು ಮಾತ್ರ ಇನ್ನೂ ಬಂದಿಲ್ಲ. ಪತ್ರಿಕೆಯ ತುಣುಕಿನ ಫೋಟೋ ಬಂದರೆ ಮೇಲಿನ ತಾರೀಖು ಕತ್ತರಿಸಿದ್ದಾರಾ ನೋಡಿ.

ದೊಡ್ಡಪ್ಪ ಕುಟುಂಬದ ಗ್ರೂಪಿನಲ್ಲಿ ಸುಳ್ಳು ಸುದ್ದಿ ಹಾಕುತ್ತಾರೆ. ಹೇಗೆ ಹೇಳುವುದು?

ಗ್ರೂಪಿನಲ್ಲಿ ಎಲ್ಲರೆದುರು ಹೇಳಬೇಡಿ. ಅವರಿಗೆ ಅವಮಾನವಾದರೆ ಸುದ್ದಿಯ ವಿಷಯ ಬದಿಗೆ ಹೋಗುತ್ತದೆ. ಫೋನ್ ಮಾಡಿ. "ದೊಡ್ಡಪ್ಪ, ನೀವು ಕಳಿಸಿದ್ದು ನೋಡಿದೆ. ನನಗೂ ಗಾಬರಿಯಾಯಿತು. ಹುಡುಕಿ ನೋಡಿದರೆ ಅದು 2019ರದ್ದಂತೆ. ನೀವೇ ಗ್ರೂಪಿಗೆ ಒಂದು ಮಾತು ಹಾಕಿದರೆ ಎಲ್ಲರೂ ಕೇಳುತ್ತಾರೆ" ಅನ್ನಿ. ಹಿರಿಯರು ಕಳಿಸುವುದು ಕಾಳಜಿಯಿಂದ. ಮಳೆಯ ಸಂದೇಶ ಕಳಿಸುವ ಅತ್ತೆಗೆ ನೀವು ಆ ದಾರಿಯಲ್ಲಿ ಓಡಾಡುತ್ತೀರಿ ಅನ್ನುವ ಚಿಂತೆ. ಆ ಕಾಳಜಿಗೆ ಮೊದಲು ಉತ್ತರ ಕೊಡಿ.

ನಾನೇ ಸುಳ್ಳು ಸುದ್ದಿ ಕಳಿಸಿಬಿಟ್ಟಿದ್ದೇನೆ. ಈಗ ಏನು ಮಾಡಲಿ?

ಸುಮ್ನೆ ಅಳಿಸಿ ಕೂರಬೇಡಿ. ಅಳಿಸುವುದರೊಳಗೆ ನೋಡಿದವರು ನೋಡಿಯಾಗಿರುತ್ತದೆ. ಅಳಿಸಿ, ಆಮೇಲೆ ಎಲ್ಲೆಲ್ಲಿ ಕಳಿಸಿದ್ದೀರೋ ಅಲ್ಲೆಲ್ಲ ಸ್ಪಷ್ಟವಾಗಿ ಬರೆಯಿರಿ. ಯಾವ ಸಂದೇಶ, ಏನು ತಪ್ಪು, ಸರಿ ಏನು. ಸುಳ್ಳು ವಿಡಿಯೋವನ್ನು ಮತ್ತೆ ಅಂಟಿಸಬೇಡಿ.

2024ರ ಜುಲೈ 16ರ ರಾತ್ರಿ ನಾನು ಬರೆದದ್ದು ಇಷ್ಟು: "ಮಧ್ಯಾಹ್ನ ನಾನು ಕಳಿಸಿದ ಗುಡ್ಡ ಕುಸಿತದ ವಿಡಿಯೋ ಶಿರೂರಿನದಲ್ಲ. ನೋಡದೆ ಕಳಿಸಿದೆ, ತಪ್ಪಾಯಿತು. ಯಾರಿಗಾದರೂ ಕಳಿಸಿದ್ದರೆ ದಯವಿಟ್ಟು ಅವರಿಗೂ ಇದನ್ನು ತಿಳಿಸಿ." ಮೂರು ಗ್ರೂಪಿಗೂ ಹಾಕಿದೆ. ಬೆಳಿಗ್ಗೆ ಅಂಕೋಲೆಯಿಂದ ಒಬ್ಬ ಅಕ್ಕ ಫೋನ್ ಮಾಡಿದರು. ಅವರ ತಮ್ಮ ಅದೇ ಹೆದ್ದಾರಿಯಲ್ಲಿ ಲಾರಿ ಓಡಿಸುತ್ತಾನೆ. ಹಿಂದಿನ ದಿನ ನಾಲ್ಕು ತಾಸು ಅವನ ಫೋನ್ ಸಿಕ್ಕಿರಲಿಲ್ಲ. ಆ ನಾಲ್ಕು ತಾಸೂ ಅವರು ನಾನು ಕಳಿಸಿದ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ, ಬಿದ್ದ ಮಣ್ಣಿನ ಪಕ್ಕದಲ್ಲಿ ಅವನ ಲಾರಿಯ ಬಣ್ಣ ಕಾಣುತ್ತದಾ ಅಂತ ನೋಡುತ್ತಿದ್ದರಂತೆ.